ಡ್ರೈವರ್ ಅಪ್‌ಡೇಟ್ ಆದ ಮೇಲೆ ಟಿವಿಯಲ್ಲಿ ಸೀರೆಯ ದಡಿಯೇ ಕಾಣುತ್ತಿಲ್ಲ!

ಇಳಕಲ್‌ನಿಂದ ಪ್ರಶ್ನೆ

ನಮ್ಮದು ಸಣ್ಣ ಸೀರೆ ಅಂಗಡಿ. ಅಂಗಡಿ ಅಪ್ಪನದು, ಕಂಪ್ಯೂಟರ್ ಕೆಲಸ ಮಗಳಾದ ನನ್ನದು. ಗಲ್ಲಾದ ಹಿಂದಿನ ಗೋಡೆಗೆ 43 ಇಂಚಿನ 4ಕೆ ಟಿವಿ ಇದೆ. ಅದಕ್ಕೆ ಕಂಪ್ಯೂಟರ್ ಜೋಡಿಸಿ ಗಿರಾಕಿಗಳಿಗೆ ಸೀರೆಯ ಫೋಟೊ ತೋರಿಸುತ್ತೇವೆ. ಕಸೂತಿ ನಕ್ಷೆಗಳನ್ನೂ ನಾನು ಅದರಲ್ಲೇ ತಿದ್ದುತ್ತೇನೆ.

ಮೊನ್ನೆ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವುದನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದೆ. ಅವತ್ತಿನಿಂದ ಒಂದರ ಹಿಂದೆ ಒಂದು ತಕರಾರು. ಪರದೆಯ ನಾಲ್ಕೂ ಅಂಚು ಹೊರಗೆ ಹೋಗಿವೆ. ಟಾಸ್ಕ್‌ಬಾರ್ ಅರ್ಧ ಕಾಣುತ್ತದೆ, ಫೋಟೊದಲ್ಲಿ ದಡಿಯೇ ಇಲ್ಲ. ದಡಿ ಕಾಣದ ಇಳಕಲ್ ಸೀರೆಯನ್ನು ಯಾರು ಕೊಳ್ಳುತ್ತಾರೆ ಹೇಳಿ! ಕಪ್ಪು ಚಂದ್ರಕಾಳಿ ಸೀರೆ ಬೂದಿ ಬಣ್ಣಕ್ಕೆ ತಿರುಗಿದೆ. ಸಣ್ಣ ಅಕ್ಷರ ಮಸುಕು, ಕಸೂತಿಯ ಕೆಂಪು ಗೆರೆಗಳಂತೂ ಕಲಸಿಹೋಗಿವೆ. ಸ್ಪೀಕರ್‌ನಲ್ಲಿ ಸದ್ದೂ ಇಲ್ಲ.

ಟಿವಿ ಕೆಟ್ಟಿತಾ? ಹಳೇ ಡ್ರೈವರ್‌ಗೆ ವಾಪಸ್ ಹೋಗಲಾ? "ಚೆಂದಾಗಿ ನಡೀತಿತ್ತು, ಯಾಕ ಕೈ ಹಚ್ಚಿದಿ" ಅಂತ ಅಪ್ಪ ದಿನಾ ಕೇಳುತ್ತಿದ್ದಾರೆ.

ವಿಜಯಪುರದಿಂದ, ಮದುವೆ ವಿಡಿಯೊ ಎಡಿಟಿಂಗ್ ಮಾಡುವವನು

ತಂಗಿ, ಟಿವಿ ಕೆಟ್ಟಿಲ್ಲ, ಗಾಬರಿ ಬೇಡ. ಇದು ನನಗೂ ಆಗಿದೆ, ಅದೂ ಗಿರಾಕಿ ಎದುರಿಗೆ ಕೂತಾಗ.

ಅಂಚು ಕತ್ತರಿಸುವುದು ಟಿವಿಯ ಹಳೇ ಚಟ. ಡಬ್ಬಿ ಟಿವಿಗಳ ಕಾಲದಲ್ಲಿ ಚಿತ್ರದ ಅಂಚು ಓರೆಕೋರೆ ಬರುತ್ತಿತ್ತು. ಅದನ್ನು ಮುಚ್ಚಲು ಚಿತ್ರವನ್ನೇ ಸ್ವಲ್ಪ ಹಿಗ್ಗಿಸಿ ತೋರಿಸುತ್ತಿದ್ದರು. ಅದಕ್ಕೆ ಓವರ್‌ಸ್ಕ್ಯಾನ್ ಅಂತ ಹೆಸರು. ಚಪ್ಪಟೆ ಟಿವಿಗೆ ಅದರ ಅಗತ್ಯವೇ ಇಲ್ಲ, ಆದರೂ ಎಷ್ಟೋ ಟಿವಿಗಳಲ್ಲಿ ಆ ರೂಢಿ ಉಳಿದುಕೊಂಡಿದೆ. ನಿಮ್ಮ ಟಿವಿ ಮೊದಲಿನಿಂದಲೂ ಅಂಚು ಕತ್ತರಿಸುತ್ತಲೇ ಇದ್ದಿರಬೇಕು. ಯಾರೋ ಡ್ರೈವರ್‌ನಲ್ಲಿ ಚಿತ್ರವನ್ನು ಅಷ್ಟೇ ಕುಗ್ಗಿಸಿ ಸರಿದೂಗಿಸಿದ್ದಾರೆ. ಅಪ್‌ಡೇಟ್ ಆದಾಗ ಆ ಸೆಟ್ಟಿಂಗ್ ಅಳಿಸಿಹೋಗಿದೆ.

ಈಗ ಮತ್ತೆ ಡ್ರೈವರ್‌ನಲ್ಲಿ ಕುಗ್ಗಿಸಲು ಹೋಗಬೇಡಿ. ನಾನು ಅದನ್ನೇ ಮಾಡಿ ಆರು ತಿಂಗಳು ಮಸುಕು ಚಿತ್ರ ನೋಡಿದೆ. ಕಂಪ್ಯೂಟರ್ ಕುಗ್ಗಿಸುತ್ತದೆ, ಟಿವಿ ಹಿಗ್ಗಿಸುತ್ತದೆ. ಎರಡು ಸಲ ಎಳೆದಾಡಿದ ಚಿತ್ರ ಚೊಕ್ಕ ಹೇಗೆ ಇದ್ದೀತು? ಟಿವಿ ರಿಮೋಟ್ ತಗೊಂಡು ಪಿಕ್ಚರ್ ಸೈಜ್‌ಗೆ ಹೋಗಿ. ಎಲ್‌ಜಿ ಆದರೆ 'ಜಸ್ಟ್ ಸ್ಕ್ಯಾನ್', ಸೋನಿ ಆದರೆ 'ಫುಲ್ ಪಿಕ್ಸೆಲ್', ಸ್ಯಾಮ್‌ಸಂಗ್ ಆದರೆ 'ಫಿಟ್ ಟು ಸ್ಕ್ರೀನ್' ಅಂತ ಇರುತ್ತದೆ. ಬೇರೆ ಕಂಪನಿಯದಾದರೆ ಇದೇ ಅರ್ಥ ಬರುವ ಆಯ್ಕೆ ಹುಡುಕಿ.

ಬೂದಿ ಬಣ್ಣದ ಕತೆ ಬೇರೆ. ಚುಕ್ಕೆಯ ಬೆಳಕನ್ನು ಅಂಕಿಯಲ್ಲಿ ಹೇಳುತ್ತಾರೆ. ಸಿನಿಮಾ, ಟಿವಿ ಲೆಕ್ಕದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್ ಲೆಕ್ಕದಲ್ಲಿ 0 ಮತ್ತು 255. ಹೊಸ ಡ್ರೈವರ್ ಟಿವಿಯನ್ನು ನೋಡಿ "ಇದು ಟಿವಿ ಅಲ್ವಾ" ಅಂತ 16ರಿಂದ ಶುರು ಮಾಡಿದೆ. ನಿಮ್ಮ ಟಿವಿಯೋ 0ಯೇ ಕಪ್ಪು ಅಂತ ಕಾಯುತ್ತಿದೆ. ಅದಕ್ಕೆ 16 ಅಂದರೆ ಬೂದಿ. ಎನ್ವಿಡಿಯಾ ಆದರೆ ಕಂಟ್ರೋಲ್ ಪ್ಯಾನೆಲ್‌ನ ರಿಸೊಲ್ಯೂಶನ್ ಪುಟದಲ್ಲಿ ಔಟ್‌ಪುಟ್ ಡೈನಮಿಕ್ ರೇಂಜ್ 'ಫುಲ್' ಮಾಡಿ. ಎಎಂಡಿ ಆದರೆ ಡಿಸ್ಪ್ಲೇ ಸೆಟ್ಟಿಂಗ್‌ನ ಪಿಕ್ಸೆಲ್ ಫಾರ್ಮ್ಯಾಟ್‌ನಲ್ಲಿ ಆರ್‌ಜಿಬಿ 'ಫುಲ್' ಆರಿಸಿ. ಇಂಟೆಲ್‌ನಲ್ಲಿ ಕ್ವಾಂಟೈಸೇಶನ್ ರೇಂಜ್ ಅಂತ ಇರುತ್ತದೆ.

ಒಂದು ಎಚ್ಚರಿಕೆ. ಟಿವಿಯಲ್ಲೂ 'ಬ್ಲ್ಯಾಕ್ ಲೆವೆಲ್' ಅಂತ ಒಂದಿದೆ. ಎರಡೂ ಕಡೆ ಒಂದೇ ಲೆಕ್ಕ ಇರಬೇಕು. ಕಂಪ್ಯೂಟರ್ ಫುಲ್ (0ರಿಂದ 255), ಟಿವಿ ಲಿಮಿಟೆಡ್ (16ರಿಂದ 235) ಆದರೆ ಕಪ್ಪಿನೊಳಗಿನ ನೇಯ್ಗೆಯೆಲ್ಲ ಮುಳುಗಿ ಸೀರೆ ಇದ್ದಿಲಾಗುತ್ತದೆ. ಒಂದು ಮದುವೆ ಆಲ್ಬಮ್‌ನಲ್ಲಿ ವರನ ಕೋಟು ಹೀಗೇ ಹಾಳಾಗಿ ನನಗೆ ಬೈಗುಳ ಬಿದ್ದಿದೆ.

ಗೋಕಾಕದಿಂದ

ಸದ್ದಿನದು ಸುಲಭ, ಅಕ್ಕಾರ. ಗ್ರಾಫಿಕ್ಸ್ ಡ್ರೈವರ್ ಜೊತೆಗೆ ಎಚ್‌ಡಿಎಂಐ (ಟಿವಿಗೆ ಜೋಡಿಸುವ ಕೇಬಲ್) ಆಡಿಯೊ ಡ್ರೈವರೂ ಬರುತ್ತದೆ. ಅದು ಬಂದ ಮೇಲೆ ವಿಂಡೋಸ್ ಸದ್ದನ್ನು ಟಿವಿಗೆ ಕಳಿಸಲು ಶುರು ಮಾಡುತ್ತದೆ. ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಔಟ್‌ಪುಟ್‌ನಲ್ಲಿ ನಿಮ್ಮ ಸ್ಪೀಕರ್ ಆರಿಸಿ, ಮುಗೀತು.

ಬೆಳಗಾವಿ ಟಿಳಕವಾಡಿಯಿಂದ

ಕೆಂಪು ಗೆರೆ ಅಂದಿರಲ್ಲ, ಅಲ್ಲೇ ಗುಟ್ಟು ಸಿಕ್ಕಿತು.

ಪೇಂಟ್ ತೆರೆದು ಕಪ್ಪು ಹಿನ್ನೆಲೆ ಮಾಡಿ, ಸಣ್ಣ ಕೆಂಪು ಅಕ್ಷರದಲ್ಲಿ ಏನಾದರೂ ಬರೆಯಿರಿ. ಪಕ್ಕದಲ್ಲಿ ಬಿಳಿ ಅಕ್ಷರದಲ್ಲೂ ಬರೆಯಿರಿ. ಬಿಳಿ ಒಂದಿಷ್ಟು ಚೊಕ್ಕವಾಗಿದ್ದು ಕೆಂಪು ಕಲಸಿದ್ದರೆ, ಟಿವಿಗೆ 4:2:0 ಅನ್ನುವ ಬಗೆಯ ಸಿಗ್ನಲ್ ಹೋಗುತ್ತಿದೆ. ಅದರಲ್ಲಿ ಬೆಳಕು ಚುಕ್ಕೆ ಚುಕ್ಕೆಗೂ ಬೇರೆ, ಬಣ್ಣ ಮಾತ್ರ ನಾಲ್ಕು ಚುಕ್ಕೆಗೆ ಸೇರಿ ಒಂದೇ. ನಾಲ್ಕು ಎಳೆಗೆ ಒಂದೇ ಬಣ್ಣದ ನೂಲು ಹಾಕಿ ನೇಯ್ದ ಹಾಗೆ. ಸಿನಿಮಾ ನೋಡುವಾಗ ಗೊತ್ತೇ ಆಗುವುದಿಲ್ಲ. ಕಸೂತಿಯ ಗವಂತಿ ಹೊಲಿಗೆಯ ಒಂದೇ ಎಳೆಯ ಗೆರೆಯನ್ನು ಮಾತ್ರ ಅದು ನುಂಗಿಬಿಡುತ್ತದೆ.

ನನ್ನ ಊಹೆ ಕೇಳಿ. ಮೊದಲು ನಿಮ್ಮದು 4ಕೆ, 30 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 30 ಸಲ ಚಿತ್ರ ಮೂಡುವ ವೇಗ), ಚುಕ್ಕೆ ಚುಕ್ಕೆಗೂ ಬೇರೆ ಬಣ್ಣ ಇರುವ ಪೂರ್ತಿ ಬಣ್ಣದ ಆರ್‌ಜಿಬಿಯಲ್ಲಿ ಓಡುತ್ತಿತ್ತು. ಹೊಸ ಡ್ರೈವರ್ ಅದನ್ನು ತಾನಾಗಿ 60ಕ್ಕೆ ಏರಿಸಿದೆ. 60ಕ್ಕೆ ಪೂರ್ತಿ ಬಣ್ಣ ಬೇಕಾದರೆ ಸೆಕೆಂಡಿಗೆ ಸುಮಾರು 18 ಗಿಗಾಬಿಟ್ ಹರಿಯಬೇಕು. ಟಿವಿಯ ಎಚ್‌ಡಿಎಂಐ ಪೋರ್ಟ್ ಅದಕ್ಕೆ ತೆರೆದಿಲ್ಲದಿದ್ದರೆ ಡ್ರೈವರ್ ಬಣ್ಣವನ್ನು ಕಡಿಮೆ ಮಾಡಿ ಕಳಿಸುತ್ತದೆ. ಟಿವಿ ಮೆನುವಿನಲ್ಲಿ 'ಯುಎಚ್‌ಡಿ ಕಲರ್', 'ಡೀಪ್ ಕಲರ್', 'ಇನ್‌ಪುಟ್ ಸಿಗ್ನಲ್ ಪ್ಲಸ್' ಇಂಥ ಹೆಸರಿನದು ಇದ್ದರೆ, ಕಂಪ್ಯೂಟರ್ ಜೋಡಿಸಿದ ಪೋರ್ಟ್‌ಗೆ ಅದನ್ನು ಆನ್ ಮಾಡಿ. ಆ ಇನ್‌ಪುಟ್‌ನ ಹೆಸರನ್ನೋ ಐಕಾನ್‌ನ್ನೋ 'ಪಿಸಿ' ಅಂತ ಬದಲಿಸಿ. ಹೆಸರು ಬದಲಿಸಿದರೆ ಏನಾದೀತು ಅಂತ ನಾನೂ ನಕ್ಕಿದ್ದೆ. ಆದರೆ ಕೆಲವು ಟಿವಿಗಳು ಹಾಗೆ ಮಾಡಿದಾಗ ಮಾತ್ರ ಚಿತ್ರವನ್ನು ಇದ್ದ ಹಾಗೇ ಬಿಡುತ್ತವೆ.

ಆನ್ ಮಾಡಿದ ಮೇಲೆ ಪರದೆ ಮಿಟುಕಿದರೆ, ಬಿಳಿ ಚುಕ್ಕೆ ಹಾರಿದರೆ, 'ನೋ ಸಿಗ್ನಲ್' ಬಂದರೆ ತಪ್ಪು ಕೇಬಲ್‌ನದು. ಎಚ್‌ಡಿಎಂಐ 2.0 ಬಂದದ್ದೇ 2013ರಲ್ಲಿ. ಅದಕ್ಕೂ ಹಿಂದಿನ ಕೇಬಲ್ ಆದರೆ ನಂಬುವಂತಿಲ್ಲ. 'ಪ್ರೀಮಿಯಂ ಹೈಸ್ಪೀಡ್' ಅಂತ ಬರೆದದ್ದು ತಗೊಳ್ಳಿ. ಬಂಗಾರದ ಲೇಪನ, ಅದು ಇದು ಅಂತ ದುಪ್ಪಟ್ಟು ಹಣ ಕೊಡಬೇಡಿ.

ಬಾಗಲಕೋಟೆ ನವನಗರದಿಂದ

ಇಷ್ಟೆಲ್ಲ ಯಾಕೆ? ಡಿವೈಸ್ ಮ್ಯಾನೇಜರ್‌ಗೆ ಹೋಗಿ ಡಿಸ್ಪ್ಲೇ ಅಡಾಪ್ಟರ್‌ನಲ್ಲಿ 'ರೋಲ್ ಬ್ಯಾಕ್' ಒತ್ತಿ. ಆಗಲಿಲ್ಲ ಅಂದರೆ ಸೇಫ್ ಮೋಡ್‌ನಲ್ಲಿ ಡಿಡಿಯು (ಡ್ರೈವರ್ ಬೇರುಸಹಿತ ಅಳಿಸುವ ಸಾಫ್ಟ್‌ವೇರ್) ಹಾಕಿ ಡ್ರೈವರ್ ಪೂರ್ತಿ ಅಳಿಸಿ ಹಳೇದು ಹಾಕಿ. ಆಗ ಇಂಟರ್ನೆಟ್ ಬಂದ್ ಇರಲಿ, ಇಲ್ಲವಾದರೆ ವಿಂಡೋಸ್ ತನಗೆ ಬೇಕಾದ ಡ್ರೈವರ್ ತಂದು ಹಾಕುತ್ತದೆ.

ಟಿಳಕವಾಡಿಯಿಂದ

ಸರ, ಪರದೆಯೇ ಬರದಿದ್ದರೆ, ಇಲ್ಲವೇ ನಡುವೆ ಕರೆಂಟ್ ಹೋಗಿ ಡ್ರೈವರ್ ಅರ್ಧಕ್ಕೆ ನಿಂತಿದ್ದರೆ ನೀವು ಹೇಳಿದ್ದೇ ದಾರಿ. ಇಲ್ಲಿ ಡ್ರೈವರ್ ಕೆಲಸ ಮಾಡುತ್ತಿದೆ, ಸೆಟ್ಟಿಂಗ್ ಮಾತ್ರ ಮರೆತಿದೆ. ಎಲ್ಲ ಅಳಿಸಿದರೆ ಉಳಿದ ಸೆಟ್ಟಿಂಗೂ ಹೋಗುತ್ತದೆ. ನಡುವೆ ಪರದೆ ಕಪ್ಪಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆ ಬಿ ಒತ್ತಲಿ ಸಾಕು, ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ.

ಇಳಕಲ್‌ನಿಂದ ಮತ್ತೆ

ಎಲ್ಲರಿಗೂ ಶರಣು. ರೋಲ್ ಬ್ಯಾಕ್ ಮೊದಲೇ ನೋಡಿದ್ದೆ, ಆ ಬಟನ್ ಮಸುಕಾಗಿತ್ತು, ಒತ್ತಲು ಬರಲಿಲ್ಲ.

ವಿಜಯಪುರದ ಅಣ್ಣ ಹೇಳಿದ್ದು ನಿಜ. ಎರಡು ವರ್ಷದ ಹಿಂದೆ ಟಿವಿ ಗೋಡೆಗೆ ಹಾಕಿದಾಗ ಸೋದರಮಾವನ ಮಗ ಬಂದು ಏನೇನೋ ಸೆಟ್ ಮಾಡಿ ಹೋಗಿದ್ದ. ಫೋನ್ ಮಾಡಿ ಕೇಳಿದರೆ "ಹೌದು, ಕುಗ್ಗಿಸಿದ್ದೆ, 30 ಹರ್ಟ್ಸ್ ಇಟ್ಟಿದ್ದೆ" ಅಂದ. ಈಗ ಟಿವಿಯಲ್ಲೇ ಅಂಚು ಸರಿ ಮಾಡಿದೆ. ಪೂರ್ತಿ ದಡಿ ಬಂತು, ಚಿತ್ರ ಮೊದಲಿಗಿಂತ ಚೊಕ್ಕ. ರೇಂಜ್ 'ಫುಲ್' ಮಾಡಿದೆ, ಚಂದ್ರಕಾಳಿ ಮತ್ತೆ ಕಪ್ಪಾಯಿತು. ಸದ್ದು ಗೋಕಾಕದ ಅಣ್ಣ ಹೇಳಿದ ಹಾಗೆ ಟಿವಿಗೆ ಹೋಗಿತ್ತು. ಟಿವಿಯನ್ನು ನಾವು ಯಾವಾಗಲೂ ಮ್ಯೂಟ್ ಇಡುತ್ತೇವೆ, ಅದಕ್ಕೇ ಎಲ್ಲೂ ಕೇಳಿಸುತ್ತಿರಲಿಲ್ಲ.

ಡೀಪ್ ಕಲರ್ ಆನ್ ಮಾಡಿದ ಕೂಡಲೇ ಪರದೆ ಮಿಟುಕಲು ಶುರುವಾಯಿತು. ಕೇಬಲ್ 2012ರದು, ಹಳೇ ಸೆಟ್ ಟಾಪ್ ಬಾಕ್ಸ್ ಜೊತೆ ಬಂದದ್ದು! ಸದ್ಯ 30 ಹರ್ಟ್ಸ್, ಆರ್‌ಜಿಬಿಯಲ್ಲಿ ಇಟ್ಟಿದ್ದೇನೆ. ಗೆರೆ ಚೊಕ್ಕ ಇವೆ, ಮೌಸ್ ಮಾತ್ರ ಸ್ವಲ್ಪ ಎಳೆದಾಡುತ್ತದೆ. ಸೋಮವಾರ ಅಪ್ಪ ಮಾಲು ತರಲು ಹುಬ್ಬಳ್ಳಿಗೆ ಹೋಗುತ್ತಾರೆ, ಕೇಬಲ್ ಅಲ್ಲಿಂದಲೇ ಬರುತ್ತದೆ. ಈ ಸಲದ ಎಲ್ಲ ಸೆಟ್ಟಿಂಗ್ ಮೊಬೈಲ್‌ನಲ್ಲಿ ಫೋಟೊ ಹೊಡೆದು ಇಟ್ಟುಕೊಂಡಿದ್ದೇನೆ.