ದೊಡ್ಡಮ್ಮನ ಪ್ರಶ್ನೆಗೆ ಉತ್ತರ, ಸ್ವಲ್ಪ ಉದ್ದವಾಯಿತು

ದೊಡ್ಡಮ್ಮಾ, ಮಿದುಳು ದಾನ ಕೊಟ್ಟ ಮೇಲೂ ದೊಡ್ಡಪ್ಪ ಎಷ್ಟು ಕುಡಿಯುತ್ತಿದ್ದರು ಎಂಬ ವಿಚಾರಣೆ ಏಕೆ ಎಂದು ಕೇಳಿದ್ದೀರಿ. ‘ಯಾವ ಚಟವೂ ಇರಲಿಲ್ಲ ಎಂದು ಬರೆಸಿಬಿಡಿ, ಮುಗಿಯಿತು’ ಎಂದು ಭಾವ ಹೇಳಿದ್ದಾರೆ. ಭಾವ, ಮುಗಿಯುವುದಿಲ್ಲ, ಕೆಡುವುದೇ ಅಲ್ಲಿಂದ.

ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗೆ ಕಾಪಿಡುವ ಮಿದುಳು ಬ್ಯಾಂಕುಗಳಲ್ಲಿ (ನಿಮ್ಹಾನ್ಸ್‌ನಲ್ಲಿ 1995ರಿಂದಲೇ ಒಂದಿದೆ) ರೋಗಿಯ ಮಿದುಳನ್ನು ರೋಗವಿಲ್ಲದವರ ಮಿದುಳಿನ ಜೊತೆ ಹೋಲಿಸಿ ನೋಡುತ್ತಾರೆ. ವರ್ಷಗಟ್ಟಲೆ ವಿಪರೀತ ಕುಡಿದ ಕೆಲವರಲ್ಲಿ ಕಿರುಮಿದುಳು ಸವೆಯುತ್ತದೆ, ನಡಿಗೆ ತೂರಾಡುತ್ತದೆ. ದೊಡ್ಡಪ್ಪನಿಗಿದ್ದದ್ದು ಪಾರ್ಕಿನ್ಸನ್, ಕೈಕಾಲು ನಡುಗಿ ನಡಿಗೆ ನಿಧಾನವಾಗುವ ಮಿದುಳಿನ ರೋಗ. ಕುಡಿತದ ಸುದ್ದಿ ಮುಚ್ಚಿಟ್ಟರೆ, ಅದು ಮಾಡಿದ ಹಾನಿಯನ್ನೂ ಪಾರ್ಕಿನ್ಸನ್ ಖಾತೆಗೇ ಬರೆದುಬಿಡುತ್ತಾರೆ.

ರಕ್ತ ಪರೀಕ್ಷೆ ಸಾಲದೇ ಎನ್ನಬೇಡಿ. ರಕ್ತದಲ್ಲಿ ಮದ್ಯ ಉಳಿಯುವುದು ಕೆಲವು ಗಂಟೆ ಮಾತ್ರ. ಕೂದಲಿನಲ್ಲಿ ಕುಡಿತದ ಗುರುತು ಹೆಚ್ಚು ಕಾಲ ಉಳಿಯುತ್ತದೆ. ಅದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, 3 ಸೆಂಟಿಮೀಟರ್ ಕೂದಲಿದ್ದರೆ ಮೂರು ತಿಂಗಳ ಕಥೆ ಸಿಗುತ್ತದೆ. ದೊಡ್ಡಪ್ಪನ ತಲೆಯಲ್ಲಿ ಅಷ್ಟಾದರೂ ಎಲ್ಲಿತ್ತು, ಬಿಡಿ! ಹಳೆಯ ಕಾಲದ್ದನ್ನು ಹೇಳಲು ನಾವೇ ಆಗಬೇಕು.

ಕುಡುಕರೋ ಅಲ್ಲವೋ ಎಂಬ ತೀರ್ಪು ಬ್ಯಾಂಕಿನವರಿಗೆ ಬೇಡ. ಯಾವ ವಯಸ್ಸಿಗೆ ಶುರುವಾಯಿತು, ವಾರಕ್ಕೆ ಎಷ್ಟು ದಿನ, ಕುಳಿತರೆ ಎಷ್ಟು, ನಡುವೆ ಬಿಟ್ಟಿದ್ದರೇ, ಇಷ್ಟೇ. ಇಸವಿ ನೆನಪಾಗದಿದ್ದರೆ ಶಿವಮೊಗ್ಗಕ್ಕೆ ವರ್ಗವಾಗುವ ಮೊದಲು, ಅಕ್ಕನ ಮದುವೆಯಾದ ಮೇಲೆ ಎಂದು ಹೇಳಿ. ಕ್ವಾರ್ಟರ್ ಎಂದರೆ 180 ಮಿಲಿಲೀಟರ್ ಎಂದು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ, ಆದರೆ ಒಬ್ಬರೇ ಮುಗಿಸುತ್ತಿದ್ದರೋ ಚಿಕ್ಕಪ್ಪನಿಗೂ ಪಾಲಿತ್ತೋ ಎಂಬುದನ್ನು ನೀವು ಹೇಳಬೇಕು. ನಿದ್ರೆ ಮಾತ್ರೆಯನ್ನೂ ಬಿಡಬೇಡಿ. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ನಮ್ಮ ಮನೆಯಲ್ಲಿ ಯಾರೂ ಚಟವೆಂದು ಎಣಿಸಿದವರಲ್ಲ, ಅದನ್ನಂತೂ ಮರೆಯಲೇಬೇಡಿ. ಧೂಮಪಾನಿಗಳಲ್ಲಿ ಪಾರ್ಕಿನ್ಸನ್ ಕಡಿಮೆ ಕಾಣಿಸಿಕೊಳ್ಳುತ್ತದೆ ಎಂಬುದು ವೈದ್ಯರನ್ನು ದಶಕಗಳಿಂದ ಕಾಡಿದ ಒಗಟು. ಹಾಗಾಗಿ ದೊಡ್ಡಪ್ಪನ ತಂಬಾಕಿನ ವಿವರ ಅವರಿಗೆ ಕುಡಿತದಷ್ಟೇ ಮುಖ್ಯವಾದೀತು.

ಇನ್ನೊಂದು ಮಾತು. ಈ ಗ್ರೂಪಿನಲ್ಲಿ ಚರ್ಚೆ ಮಾಡಿ ಎಲ್ಲರೂ ಒಂದೇ ಉತ್ತರ ಸಿದ್ಧಪಡಿಸಬೇಡಿ. ಹೆಂಡತಿ ಕಂಡ ಗಂಡ ಬೇರೆ, ಇಸ್ಪೀಟಿನ ಜೊತೆಗಾರರು ಕಂಡ ಮನುಷ್ಯ ಬೇರೆ. ಆದ್ದರಿಂದ ನಿಮ್ಮನ್ನೂ ಚಿಕ್ಕಪ್ಪನನ್ನೂ ದೊಡ್ಡಪ್ಪನ ಕಚೇರಿಯ ಗೆಳೆಯರನ್ನೂ ಪ್ರತ್ಯೇಕವಾಗಿ ಕೇಳಿದರೆ ಒಳ್ಳೆಯದು. ಉತ್ತರಗಳು ತಾಳೆಯಾಗದಿದ್ದರೂ ಚಿಂತೆಯಿಲ್ಲ. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಎನ್ನಿ, ‘ಇಲ್ಲ’ ಎನ್ನಬೇಡಿ.

ಮಾನದ ಚಿಂತೆ ನನಗೂ ಅರ್ಥವಾಗುತ್ತದೆ. ದಾಖಲೆಯಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕುತ್ತಾರೆಯೇ ಎಂದು ಮೊದಲೇ ಕೇಳಿ, ಸಹಿ ಆಮೇಲೆ. ಬೀರುವಿನಲ್ಲಿರುವ ಹಳೆಯ ಡಿಸ್ಚಾರ್ಜ್ ಚೀಟಿ, ಲಿವರ್ ಪರೀಕ್ಷೆಯ ವರದಿಗಳನ್ನು ತೆಗೆದಿಡಿ. ಭಾನುವಾರ ಬ್ಯಾಂಕಿನವರು ಬರುವ ಹೊತ್ತಿಗೆ ನಾನೂ ಬರುತ್ತೇನೆ.