ರೂಟ್ ಕೆನಾಲ್ ಬಿಲ್ಲು ವಾಪಸ್ ಬಂತು, ಯಾಕೆ?

ಪ್ರಶ್ನೆ (ಕೌಲ್ ಬಜಾರ್, ಬಳ್ಳಾರಿ): ಸರ್, ಐದು ಲಕ್ಷದ ಫ್ಯಾಮಿಲಿ ಪಾಲಿಸಿ ಮಾಡಿಸಿ ನಾಲ್ಕು ವರ್ಷ ಆಯ್ತು. ಒಂದು ರೂಪಾಯಿ ಕ್ಲೇಮ್ ಮಾಡಿರಲಿಲ್ಲ. ಹೋದ ತಿಂಗಳು ದವಡೆ ಹಲ್ಲು ನೋವೆದ್ದು ರಾತ್ರಿಯೆಲ್ಲ ಲವಂಗ ಕಚ್ಚಿಕೊಂಡು ಕೂತಿದ್ದೆ. ರೂಟ್ ಕೆನಾಲ್, ಮೇಲೊಂದು ಕ್ಯಾಪ್, ಒಟ್ಟು 9,500. ಬಿಲ್ಲು ಕಳಿಸಿದರೆ ‘ದಂತ ಚಿಕಿತ್ಸೆ, ಹೊರರೋಗಿ’ ಅಂತ ಮೂರು ಪದ ಬರೆದು ವಾಪಸ್ ಕಳಿಸಿದಾರೆ. ಏಜೆಂಟರು ‘ಹಲ್ಲು, ಕಣ್ಣು ಎಲ್ಲಾ ಬರ್ತೈತಿ’ ಅಂದಿದ್ದರು. ಹಲ್ಲು ಮೈಯಾಗಿನದ್ದಲ್ಲೇನ್ರಿ?

ಉತ್ತರ: ಮೈಯಾಗಿನದ್ದೇ ರೀ. ಆದ್ರ ಪಾಲಿಸಿ ಮೊದಲು ನೋಡೋದು ನೀವು ಮಲಗಿದ ಮಂಚ. ನಾನು ಕ್ಲೇಮ್ ವಿಭಾಗದಲ್ಲಿ ಕೂತು ಇಂಥ ಬಿಲ್ಲು ಎಷ್ಟು ವಾಪಸ್ ಮಾಡಿದೀನೋ ಲೆಕ್ಕ ಇಲ್ಲ. ಬೈಸಿಕೊಂಡಿದ್ದೂ ಅಷ್ಟೇ.

ನಮ್ಮಲ್ಲಿ ಆರೋಗ್ಯ ವಿಮೆ ಅಂದರೆ ಮೂಲತಃ ಆಸ್ಪತ್ರೆಗೆ ಸೇರಿದಾಗಿನ ಖರ್ಚಿನ ವಿಮೆ. ಸಾಮಾನ್ಯವಾಗಿ 24 ಗಂಟೆ ದಾಖಲಾಗಿರಬೇಕು. ‘ಹಂಗಾದ್ರ ಡೇ-ಕೇರ್ (ದಾಖಲಾಗಿ 24 ಗಂಟೆಯೊಳಗೇ ಮುಗಿಯುವ ಚಿಕಿತ್ಸೆ) ಅನ್ನಿ’ ಅಂತ ವಾದಿಸುವವರಿದ್ದಾರೆ. ಹೊರರೋಗಿಯಾಗಿಯೇ ಮಾಡಿಸಿಕೊಳ್ಳುವಂಥ ಚಿಕಿತ್ಸೆ ಡೇ-ಕೇರ್ ಅಲ್ಲ ಅಂತ ಅದರ ವ್ಯಾಖ್ಯೆಯಲ್ಲೇ ಇದೆ. ಕುರ್ಚಿಯಲ್ಲಿ ಒರಗಿ ಮುಕ್ಕಾಲು ಗಂಟೆಗೆ ಎದ್ದು ಬರುವ ರೂಟ್ ಕೆನಾಲ್ ಅಲ್ಲೇ ಬಿದ್ದುಹೋಗುತ್ತದೆ. ಮೇಲಾಗಿ ಕ್ಲಿನಿಕ್ಕು ಪಾಲಿಸಿಯ ಲೆಕ್ಕದಲ್ಲಿ ಆಸ್ಪತ್ರೆಯೇ ಅಲ್ಲ. ಆಸ್ಪತ್ರೆ ಅಂತ ನೋಂದಣಿ ಇರಬೇಕು. ಇಲ್ಲವೆಂದರೆ 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಲ್ಲಿ ಕನಿಷ್ಠ 10 ಹಾಸಿಗೆ, ಹಗಲು ರಾತ್ರಿ ಡಾಕ್ಟರ್, ನರ್ಸ್, ಸ್ವಂತ ಆಪರೇಷನ್ ಥಿಯೇಟರ್ ಇರಬೇಕು. ಎರಡು ಕುರ್ಚಿಯ ಡೆಂಟಲ್ ಕ್ಲಿನಿಕ್ಕಿಗೆ ಇದೆಲ್ಲಿಂದ ಬರಬೇಕು?

ಅದೇ ಸಿರುಗುಪ್ಪ ರಸ್ತೆಯಲ್ಲಿ ಬೈಕಿನಿಂದ ಬಿದ್ದು ದವಡೆ ಮುರಿದು, ಹಲ್ಲೂ ಒಡೆದು ಅಡ್ಮಿಟ್ ಆಗಿದ್ದರೆ ಮಾತೇ ಬೇರೆ. ಅಪಘಾತದಿಂದಾದ ಹಲ್ಲಿನ ಚಿಕಿತ್ಸೆಯನ್ನು ಹೆಚ್ಚಿನ ಪಾಲಿಸಿಗಳು ಒಪ್ಪುತ್ತವೆ. 2020ರಲ್ಲಿ ಬಂದ ‘ಆರೋಗ್ಯ ಸಂಜೀವನಿ’ ಪಾಲಿಸಿಯಲ್ಲಿ ಕಾಯಿಲೆಯಿಂದ ಬಂದ ದಂತ ಚಿಕಿತ್ಸೆಯೂ ಉಂಟು. ಆದರೆ ಅದೂ ಅಡ್ಮಿಟ್ ಆದಾಗಿನ ಖರ್ಚಿನ ಪಟ್ಟಿಯಲ್ಲೇ ಇದೆ, ಶೇ 5 ನಿಮ್ಮ ಕೈಯಿಂದ.

ಪ್ರಶ್ನೆ (ಸಿಂಧನೂರು): ನಮ್ಮ ತಮ್ಮಂದು ನೀವು ಹೇಳಿದಂಗ ಬೈಕ್ ಕೇಸ್. ಡಿಸ್ಚಾರ್ಜ್ ಆಗಿದಾನ, ಮುಂದಿನ ಎರಡು ಹಲ್ಲು ಆಮೇಲೆ ಹಾಕಿಸಬೇಕಂತ. ಆ ದುಡ್ಡೂ ಬರ್ತೈತೇನ್ರಿ?

ಉತ್ತರ: ಡಿಸ್ಚಾರ್ಜ್ ನಂತರದ ಖರ್ಚಿಗೆ ಪಾಲಿಸಿಯಲ್ಲಿ ದಿನಗಳ ಮಿತಿ ಇರುತ್ತದೆ, ಬಹಳಷ್ಟರಲ್ಲಿ 60 ದಿನ. ಅದರೊಳಗೆ ಮಾಡಿಸಿ. ಇವತ್ತೇ ಡಿಸ್ಚಾರ್ಜ್ ಸಮ್ಮರಿ ತೆಗೆದು ಓದಿ. ‘ದವಡೆ ಮುರಿತ’ ಅಂತಷ್ಟೇ ಇದ್ದರೆ, ಬಿದ್ದಾಗಲೇ ಇಂಥ ಎರಡು ಹಲ್ಲು ಮುರಿದವು ಅಂತ ಡಾಕ್ಟರ್ ಕೈಲಿ ಸೇರಿಸಿಸಿ, ಸೀಲು ಹಾಕಿಸಿ. ನಾನು ನೋಡಿದ ಕೇಸುಗಳಲ್ಲಿ ಆ ಒಂದು ಸಾಲು ಇಲ್ಲದ್ದಕ್ಕೇ ದುಡ್ಡು ಹೋಗಿದೆ. ಎಂಎಲ್‌ಸಿ (ಅಪಘಾತದ ಬಗ್ಗೆ ಆಸ್ಪತ್ರೆ ಪೊಲೀಸರಿಗಾಗಿ ಬರೆಯುವ ದಾಖಲೆ) ಪ್ರತಿ, ಎಕ್ಸ್‌ರೇ ಜೋಪಾನ. ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಹಾಕುವ ಹಲ್ಲು) ಮಾತ್ರ ನೆಚ್ಚಿಕೊಳ್ಳಬೇಡಿ, ಅದನ್ನು ಸಾಮಾನ್ಯವಾಗಿ ಹೊಡೆದು ಹಾಕುತ್ತಾರೆ.

ಪ್ರಶ್ನೆ (ಕುಷ್ಟಗಿ): ಮಗಳಿಗೆ ಹದಿನಾರು, ಹಲ್ಲಿನ ಮ್ಯಾಲ ಕಂದು ಕಲೆ. ಬೋರ್ ನೀರಿಂದು ಅಂತಾರ. ಪಾಲಿಸಿ ಮಾಡಿಸಿದ್ರ ಬರ್ತೈತಾ?

ಉತ್ತರ: ಬರಲ್ಲಮ್ಮ. ಕಲೆ ತೆಗೆಸುವುದನ್ನು ಅಂದ ಹೆಚ್ಚಿಸುವ ಚಿಕಿತ್ಸೆ ಅಂತಲೇ ಎಣಿಸುತ್ತಾರೆ. ಪ್ರೀಮಿಯಂ ದುಡ್ಡು ಹಿಡಿದುಕೊಂಡು ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿಗೆ ಒಂದು ಸಲ ತೋರಿಸಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮೊದಲು ನೀರು ಪರೀಕ್ಷೆ ಮಾಡಿಸಿ, ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ದಾಟಬಾರದು. ಹಲ್ಲಿನ ಎನಾಮಲ್ ಕಟ್ಟುವ ವಯಸ್ಸಲ್ಲಿ, ಅಂದರೆ ಸುಮಾರು ಎಂಟರೊಳಗೆ ಕುಡಿದ ನೀರೇ ಈ ಕಲೆ ತರೋದು.

ಪ್ರಶ್ನೆ (ಬಳ್ಳಾರಿ): ನಾನು ಜೀನ್ಸ್ ಯೂನಿಟ್‌ನಲ್ಲಿ ಟೈಲರ್, ಪಗಾರ 14,000. ಇಎಸ್ಐ ಕಟ್ ಆಗ್ತೈತಿ. ಹಲ್ಲು ತೋರಿಸಬೋದಾ?

ಉತ್ತರ: ಧಾರಾಳವಾಗಿ. 21,000ದೊಳಗಿನ ಪಗಾರಕ್ಕೆ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆ. ನಿಮ್ಮ ಕೈಯಿಂದ ಶೇ 0.75, ಅಂದರೆ ತಿಂಗಳಿಗೆ 105 ರೂಪಾಯಿ. ಮಾಲೀಕರದ್ದು ಶೇ 3.25. ಹೊರರೋಗಿ ಚಿಕಿತ್ಸೆಯೂ ಇದರಲ್ಲಿದೆ, ಖಾಸಗಿ ಪಾಲಿಸಿಯ ಮಂಚದ ರಗಳೆ ಇಲ್ಲ. ಕಾರ್ಡ್ ಹಿಡಿದು ಡಿಸ್ಪೆನ್ಸರಿಗೆ ಹೋಗಿ. ಕಲಬುರಗಿಯಲ್ಲಿ ಇಎಸ್ಐನದೇ ದಂತ ಕಾಲೇಜೂ ಇದೆ.

ಕೌಲ್ ಬಜಾರಿನವರು ಮತ್ತೆ: ಹಂಗಾದ್ರ ಒಪಿಡಿ (ಹೊರರೋಗಿ ಖರ್ಚು) ಇರೋ ಪಾಲಿಸಿ ತಗೊಳ್ಳೋದಾ ಸರ್? ಮನೆಯವರ ಹೆಸರಲ್ಲಿ ಹನ್ನೆರಡು ದಿನದ ಹಿಂದೆ ಅದೇ ಏಜೆಂಟರ ಹತ್ರ ಹೊಸದು ಮಾಡಿಸಿದೀನಿ, ಅದರಾಗ ಐತಂತ. ಹಲ್ಲಿಗೆ 5,000 ಮಿತಿ, ಅದಕ್ಕೇ ಪ್ರೀಮಿಯಂ 4,200 ಹೆಚ್ಚು.

ಉತ್ತರ: 5,000 ಪಡೆಯೋಕೆ 4,200 ಕೊಡೋದು! ಅದರ ಬದಲು ಪೋಸ್ಟ್ ಆಫೀಸಿನಲ್ಲಿ ಆರ್‌ಡಿ ಕಟ್ಟಿ ಅನ್ನುವವನು ನಾನು. ಕಾಗದ ಕೈಗೆ ಬಂದು 30 ದಿನದೊಳಗೆ ಪಾಲಿಸಿ ವಾಪಸ್ ಮಾಡಬಹುದು, ಸಣ್ಣಪುಟ್ಟ ಖರ್ಚು ಕಳೆದು ದುಡ್ಡು ಬರುತ್ತದೆ. ನಿಮ್ಮ ಹತ್ತಿರ ಇನ್ನೂ ದಿನ ಇದೆ. ಏಜೆಂಟರಿಗೆ ಫೋನ್ ಮಾಡಿ ಕೂರಬೇಡಿ, ಕಂಪನಿಗೆ ನೇರ ಇಮೇಲ್ ಹಾಕಿ. ಈ 30 ದಿನದ ಅವಕಾಶಕ್ಕೆ ‘ಫ್ರೀ ಲುಕ್’ ಅಂತಾರೆ, ಆ ಪದ ಅದರಲ್ಲಿ ಇರಲಿ.