ಸಹಾಯ ಬೇಕು: ತೋಡಿನಲ್ಲಿ ಮೀನು ಸಾಯುತ್ತಿವೆ, ನೀರು ಅಳೆಯುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಂಗಳೂರಿನಲ್ಲಿ, ನೇತ್ರಾವತಿಗೆ ಸೇರುವ ಒಂದು ತೋಡಿನ ಬದಿಯಲ್ಲಿದೆ. ಮೂರು ದಿನದಿಂದ ಬೆಳಿಗ್ಗೆ ಮೀನು ಸತ್ತು ತೇಲುತ್ತಿವೆ. ಇವತ್ತು ಆರು ಗಂಟೆಗೆ ಹೋಗಿ ನೋಡಿದೆ. ಅಂಗೈಯಗಲದ ಇರ್ಪೆ ಮೀನುಗಳು ನೀರಿನ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ನೀರು ಬೂದಿ ಬಣ್ಣ, ಕೊಳೆತ ಮೊಟ್ಟೆಯ ವಾಸನೆ. ತುಂಬಾ ಸಂಕಟವಾಯಿತು. ಈ ತೋಡು ನದಿ ಸೇರುವಲ್ಲಿ ಅಮ್ಮ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದರು.

ಮೇಲಿನಿಂದ ಕೊಳಚೆ ನೀರು ಬರುತ್ತಿದೆ ಅಂತ ನನ್ನ ಅನುಮಾನ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾ ನೀರಿನಲ್ಲಿರುವ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ರಾತ್ರಿ ಪಾಚಿಯೂ ಆಮ್ಲಜನಕ ಕೊಡುವುದಿಲ್ಲ, ತಾನೇ ಬಳಸುತ್ತದೆ. ಹಾಗಾಗಿ ಬೆಳಗಿನ ಜಾವಕ್ಕೇ ಮೀನಿಗೆ ಉಸಿರು ಕಟ್ಟುವುದು ಜಾಸ್ತಿ. ಮೀನು ಬೆಳೆಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ.

ನೀರನ್ನು ಸುಮ್ನೆ ಬಾಟಲಿಯಲ್ಲಿ ತುಂಬಿಸಿಕೊಂಡು ಹೋದರೆ ದಾರಿಯಲ್ಲೇ ಆಮ್ಲಜನಕದ ಲೆಕ್ಕ ಬದಲಾಗುತ್ತದೆ. ಅಲ್ಲೇ ಅಳೆಯಬೇಕು. ಸಿಗಡಿ ಸಾಕುವವರ ಹತ್ತಿರ ಆಮ್ಲಜನಕ ಅಳೆಯುವ ಮೀಟರ್ ಇರುತ್ತದೆ ಅಲ್ವಾ? ಯಾರಾದರೂ ನಾಳೆ ಅಥವಾ ನಾಡಿದ್ದು ಬೆಳಿಗ್ಗೆ ಐದೂವರೆಗೆ ತರಬಹುದಾ? ಕರೆದುಕೊಂಡು ಬಂದು ವಾಪಸ್ ಬಿಡುವುದು ನನ್ನ ಜವಾಬ್ದಾರಿ.

ಮೀನುಗಾರಿಕಾ ಕಾಲೇಜಿನಲ್ಲಿ ಓದಿದವರು ಇದ್ದರೆ, ಸತ್ತ ಮೀನನ್ನು ಪರೀಕ್ಷೆಗೆ ಹೇಗೆ ಇಡಬೇಕು ಹೇಳಿ. ಸದ್ಯಕ್ಕೆ ಎರಡನ್ನು ಐಸ್‌ನಲ್ಲಿ ಇಟ್ಟಿದ್ದೇನೆ. ಕೆಳಗಡೆ ಸೇತುವೆ ಹತ್ತಿರ ಇನ್ನೂ ಜೀವಂತ ಮೀನುಗಳಿವೆ. ದಯವಿಟ್ಟು ಬೇಗ ತಿಳಿಸಿ.